ಛೀ ಅನ್ನುವವರು

ಜನವರಿ 12

ಚೂಟಿ,

ಸಂಜೆ ಆರೂವರೆ. ಇವತ್ತು ಹೋಟೆಲ್ ಸಾಲಿನ ಚರಂಡಿ ಕಟ್ಟಿಕೊಂಡಿತ್ತು. ಅಡುಗೆಮನೆಗಳಿಂದ ಹರಿದ ಕೊಬ್ಬು ಕೊಳವೆಯೊಳಗೆ ಆರಿ ಸೋಪಿನ ಹಾಗೆ ಗಟ್ಟಿಯಾಗಿ, ಅದರ ಮೈಗೆ ಕೂದಲು, ಬಟ್ಟೆ ಚೂರು, ಹಲ್ಲುಕಡ್ಡಿ ಎಲ್ಲ ಅಂಟಿ ದೊಡ್ಡ ಗಡ್ಡೆಯಾಗಿತ್ತು. ನಾನು ಇಳಿದು ಕೊಚ್ಚಿದೆ. ಉದ್ದಣ್ಣ ಮೇಲೆ ಹಗ್ಗ ಹಿಡಿದು ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ನೀರು ಹರಿಯಿತು. ದಿನ ಇಷ್ಟೇ.

ನೀನು ಫೋನಿನಲ್ಲಿ ಕೇಳಿದ್ದನ್ನು ಯೋಚಿಸಿದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಮೊದಲು ನೀನೂ ಅಮ್ಮನೂ ಮಾತಾಡುತ್ತಿದ್ದಿರಿ, ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಅವಳು ತೀರಿಹೋದ ಮೇಲೆ ನಾವಿಬ್ಬರೂ 'ಹೂಂ', 'ಮತ್ತೆ' ಅಂದುಕೊಂಡು ಫೋನು ಇಡುತ್ತೇವೆ. ಅದಕ್ಕೇ ಈ ಕಾಗದ. ಹೇಗೂ ದಿನಾ ಡೈರಿ ಬರೆಯುವವನು, ಇದೂ ಅದರದೇ ಒಂದು ಹಾಳೆ ಅಂದುಕೋ.

ನಿಮ್ಮ ಸ್ಪ್ಯಾನಿಶ್ ಟೀಚರು ಚೀಟಿ ಎತ್ತಿಸಿ ಎಲ್ಲರಿಗೂ ಒಂದೊಂದು ಪದ ಕೊಟ್ಟರು, ಬೇರೆಯವರಿಗೆ ಮನೆ, ಕೈ, ನೀರು ಅಂತ ಒಳ್ಳೊಳ್ಳೆ ಪದ ಬಂತು, ನಿನಗೆ 'ಅಸ್ಕೊ' ಬಂತು, ಅಂದರೆ ಅಸಹ್ಯ, ಅಂದೆ ನೀನು. ಪರೀಕ್ಷೆಯ ದಿನ ಅದರ ಅರ್ಥ, ಬಳಕೆ ಎಲ್ಲ ನಿಂತು ಹೇಳಬೇಕು, ಪಾಸಾದರೆ ಹಡಗಿನವರು ಬರುವ ಬಂದರಿನ ಆಸ್ಪತ್ರೆಯಲ್ಲಿ ದುಭಾಷಿ ಕೆಲಸ ಖಾಯಂ ಅಂದೆ. "ಅಸಹ್ಯದ ವಿಷಯಕ್ಕೆ ನಿನಗಿಂತ ಗೊತ್ತಿರೋರು ಯಾರಪ್ಪಾ" ಅಂತ ನಕ್ಕೆ.

ನನಗೆ ಏನೂ ಗೊತ್ತಿಲ್ಲ ಮಗಳೇ. ಕೆಲಸಕ್ಕೆ ಸೇರಿದ ಮೊದಲ ವಾರ ವಾಂತಿ ಮಾಡಿದ್ದೆ. ಆಮೇಲೆ ಮೂಗು ಸತ್ತುಹೋಯಿತು. ಅಸಹ್ಯಪಡುವ ಕೆಲಸವನ್ನು ನಮ್ಮ ಮನೆಯಲ್ಲಿ ನಿನ್ನ ಅಮ್ಮ ವಹಿಸಿಕೊಂಡಿದ್ದಳು. ನಿನಗೆ ನೆನಪಿರಬೇಕು. ನಾನು ಹಿಂಬಾಗಿಲಿಗೇ ಬರಬೇಕು. "ಛೀ, ಅಲ್ಲೇ ನಿಂತ್ಕೊಳ್ರೀ" ಅಂತ ಒಳಗಿಂದಲೇ ಕೂಗು. ಬಟ್ಟೆಯನ್ನು ಕೋಲಿನ ತುದಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುವಳು. ನಾನು ಸ್ನಾನ ಮಾಡಿ ಬಂದರೆ ಕಿವಿಯ ಹಿಂದೆ ಮೂಸಿ ನೋಡುವಳು. "ಇನ್ನೂ ಇದೆ, ಹೋಗಿ." ಮತ್ತೆ ಹೋಗಬೇಕು. ಕೊನೆಗೆ "ಹೂಂ, ಈಗ ಮನುಷ್ಯ" ಅಂದ ಮೇಲೆಯೇ ತಟ್ಟೆ. ಜುಗುಪ್ಸೆ ಅನ್ನುವುದು ಪುಸ್ತಕದ ಮಾತು. ನಮ್ಮ ಮನೆಯಲ್ಲಿ ಅದಕ್ಕೆ ಛೀ ಅಂತ ಹೆಸರಿತ್ತು.

ಅವರಲ್ಲಿ ಆ ಪದವನ್ನು ಹೇಗೆ ಬಳಸುತ್ತಾರೆ, ಬರೆ. ನಾಳೆ ಬಸ್ ಡಿಪೋ ಹತ್ತಿರ ಕೆಲಸ.

ಅಪ್ಪ

ಜನವರಿ 18

ಅಪ್ಪ,

ಅಮ್ಮನ ಕೋಲು ಓದಿ ನಕ್ಕೆ, ಆಮೇಲೆ ಇನ್ನೊಮ್ಮೆ ಓದಿದೆ. ಬರೆಯುತ್ತಿರು. ನಿನ್ನ ಕಾಗದ ಬಂದ ದಿನ ನನಗೆ ಪಾಠ ಚೆನ್ನಾಗಿ ತಲೆಗೆ ಹತ್ತಿತು.

ಅಸ್ಕೊ ಪುರಾಣ ಕೇಳು. ಕೊಳೆತ ಹಣ್ಣು ಕಂಡರೆ 'ಕೇ ಅಸ್ಕೊ' ಅನ್ನುತ್ತಾರೆ, ಎಂಥ ಹೇಸಿಗೆ ಅಂತ. ಅದು ಸುಲಭ. ಆದರೆ 'ನನಗೆ ಅಸಹ್ಯವಾಗುತ್ತದೆ' ಅನ್ನಬೇಕಾದರೆ 'ಮೆ ದಾ ಅಸ್ಕೊ' ಅನ್ನಬೇಕು. ಅಂದರೆ ಆ ವಸ್ತು ನನಗೆ ಅಸಹ್ಯವನ್ನು ಕೊಡುತ್ತದೆ. ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಯಾವುದರ ಮೇಲಾದರೂ ಅಸಹ್ಯ ಇಟ್ಟುಕೊಳ್ಳುವುದೂ ಉಂಟು, ಅದಕ್ಕೆ 'ತೆನೆರ್ ಅಸ್ಕೊ'. ಕೊಟ್ಟದ್ದನ್ನು ತೆಗೆದುಕೊಂಡು ಇಟ್ಟುಕೊಳ್ಳುವುದು.

ಆಸ್ಪತ್ರೆಯಲ್ಲಿ ಒಂದು ನಿಯಮ ಕಲಿಸಿದ್ದಾರೆ. ರೋಗಿ "ನನಗೆ ನೋವು" ಅಂದರೆ ನಾನು ಡಾಕ್ಟರಿಗೆ "ಅವರಿಗೆ ನೋವಂತೆ" ಅನ್ನುವ ಹಾಗಿಲ್ಲ. "ನನಗೆ ನೋವು" ಅಂತಲೇ ಹೇಳಬೇಕು. 'ಅವರು' ಅಂದ ತಕ್ಷಣ ಟೀಚರು ಮೇಜು ಕುಟ್ಟುತ್ತಾರೆ. ಮೊನ್ನೆ ಒಬ್ಬ ಮೀಸೆಯ ಮುದುಕರ ಪರವಾಗಿ ಮಾತಾಡುತ್ತಾ "ನನ್ನ ಹೆಂಡತಿ ಗೊರಕೆ ಹೊಡೀತಾಳೆ, ನನಗೆ ನಿದ್ದೆಯಿಲ್ಲ" ಅಂದೆ. ಡಾಕ್ಟರು ನಗು ತಡೆದುಕೊಳ್ಳಲು ಕಿಟಕಿ ಕಡೆ ತಿರುಗಿದರು.

ನನಗೆ ಉದಾಹರಣೆಗಳು ಬೇಕು. ನಿನ್ನ ಕೆಲಸದಲ್ಲಿ ಯಾವುದು ಯಾರಿಗೆ ಅಸಹ್ಯ ಕೊಡುತ್ತದೆ, ಬರೆ. ಮುಚ್ಚುಮರೆ ಬೇಡ. ಹೊಟ್ಟೆ ಗಟ್ಟಿಯಿದೆ ನನಗೆ.

ಊಟ ಸರಿಯಾಗಿ ಮಾಡುತ್ತಿದ್ದೀಯಲ್ಲ?

ಚೂಟಿ

ಜನವರಿ 26

ಚೂಟಿ,

ಸಂಜೆ ಏಳು. ಇವತ್ತು ರಜೆ. ಬಟ್ಟೆ ಒಗೆದೆ, ಅಂಗಳ ಗುಡಿಸಿದೆ, ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಇಲ್ಲಿ ಗಾಳಿ ಚೆನ್ನಾಗಿದೆ.

ಉದಾಹರಣೆ ಕೇಳಿದ್ದೆಯಲ್ಲ. ನಮ್ಮ ಗ್ಯಾಂಗಿಗೆ ಒಬ್ಬ ಹೊಸಬ ಬಂದಿದ್ದಾನೆ. ಅವನಿಗೆ ಎಲ್ಲವೂ ಅಸಹ್ಯ ಕೊಡುತ್ತದೆ. ಚರಂಡಿ ಬಿಡು, ಅದು ಯಾರಿಗಾದರೂ ಕೊಡುತ್ತದೆ. ಅವನಿಗೆ ಬೇಯಿಸಿದ ಮೊಟ್ಟೆಯ ಹಳದಿ ಅಸಹ್ಯ. ಬಾಯಿಗಿಟ್ಟರೆ ಒದ್ದೆ ಮಣ್ಣಿನ ಹಾಗೆ ಹಲ್ಲಿಗೆ ಮೆತ್ತುತ್ತದಂತೆ. ಬ್ರೆಡ್ಡನ್ನು ಒತ್ತಿದರೆ ಬೆರಳ ಗುರುತು ಉಳಿಯುತ್ತದೆ, ಹೆಣದ ಕೆನ್ನೆಯ ಹಾಗೆ, ಅನ್ನುತ್ತಾನೆ. ಹಾಲಿನ ಕೆನೆ ತುಟಿಗೆ ತಗುಲಿದರೆ ಓಡಿಹೋಗಿ ಉಗುಳುತ್ತಾನೆ. ಪರಿಮಳದ ಸೋಪು ಇನ್ನೂ ಕಡೆ. ಕೊಳೆಯ ಮೇಲೆ ಹೂವು ಇಟ್ಟ ಹಾಗೆ ಎರಡೂ ಸೇರಿ ಗಂಟಲಿಗೆ ಬರುತ್ತದಂತೆ.

ಮನುಷ್ಯರೂ ಅವನಿಗೆ ಆಗುವುದಿಲ್ಲ. ಮನೆಗೆ ಬಂದವರು ಕೈ ಹಿಡಿದುಕೊಂಡು 'ಪಾಪ' ಅನ್ನುತ್ತಾರೆ. ಅವರ ಕೈ ಬೆವರಿರುತ್ತದೆ. ನಿಟ್ಟುಸಿರಿನಲ್ಲಿ ಅವರು ಮಧ್ಯಾಹ್ನ ತಿಂದದ್ದರ ವಾಸನೆ. ಪಕ್ಕದ ಮನೆಯಾಕೆ ಡಬ್ಬಿಯಲ್ಲಿ ಏನೋ ತಂದುಕೊಟ್ಟಳಂತೆ, ಮುಚ್ಚಳದ ಒಳಗೆ ಬೆವರಿನ ಹಾಗೆ ಹನಿ ನಿಂತಿತ್ತು. ಹಾಗೇ ಮುಚ್ಚಿಟ್ಟ.

ಎಲ್ಲಕ್ಕಿಂತ ಹೆಚ್ಚು ಅಸಹ್ಯ ಅವನಿಗೆ ಅವನದೇ ಕೈ. ಎಷ್ಟು ತೊಳೆದರೂ ಅದು ಬಾಯಿಯ ಹತ್ತಿರ ಬರುವಾಗ ಬೇರೆ ಯಾರದೋ ಕೈ ಅನ್ನಿಸುತ್ತದಂತೆ.

ಇಷ್ಟು ಸಾಕಾ? ನಾಳೆ ಶಾಲೆಯ ಹಿಂದಿನ ಗುಂಡಿ.

ಅಪ್ಪ

ಫೆಬ್ರವರಿ 2

ಅಪ್ಪ,

ಸಾಕಾ ಅಂತ ಕೇಳುತ್ತೀಯಲ್ಲ. ಹಾಸ್ಟೆಲಿನಲ್ಲಿ ನೀನೀಗ ದೊಡ್ಡ ಮನುಷ್ಯ. ರೂಮಿನವರಿಗೆ ಓದಿ ಹೇಳಿದೆ, ಎರಡನೇ ಸಲ ಓದಿಸಿದರು. ಒಬ್ಬಳು ಊಟದ ಮೇಜಿನ ಮೇಲೆ ಬ್ರೆಡ್ಡು ಒತ್ತಿ "ಹೆಣದ ಕೆನ್ನೆ" ಅಂದಳು, ಎಲ್ಲರೂ ತಟ್ಟೆ ಬಿಟ್ಟು ಎದ್ದೆವು. ನಿನ್ನ ಹೊಸಬನಿಗೆ ನಾವು 'ಸೂಕ್ಷ್ಮರಾಯರು' ಅಂತ ಹೆಸರಿಟ್ಟಿದ್ದೇವೆ.

ಅವರಿಗೆ ಸರಿಯಾಗಿ ಹೊಂದುವ ಬಳಕೆ ಸಿಕ್ಕಿದೆ. 'ಅಸೆರ್ ಅಸ್ಕೊಸ್', ಅಸಹ್ಯಗಳನ್ನು ಮಾಡುವುದು. ಕೊಟ್ಟದ್ದಕ್ಕೆಲ್ಲ ಮೂಗು ಮುರಿಯುವವರಿಗೆ ಹೇಳುವ ಮಾತು. ಚರಂಡಿ ಕೆಲಸಕ್ಕೆ ಬಂದು ಮೊಟ್ಟೆಗೆ ಮೂಗು ಮುರಿಯುವವರನ್ನು ಎಲ್ಲಿಂದ ಹಿಡಿದು ತಂದರಪ್ಪಾ? ಅಮ್ಮನ ಕೈಗೆ ಸಿಕ್ಕಿದ್ದರೆ ಕೋಲಿನ ತುದಿಯಲ್ಲೇ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು.

ಇನ್ನೊಂದು, 'ಎಚೊ ಉನ್ ಅಸ್ಕೊ'. ಅಸಹ್ಯವೇ ಆಗಿಹೋದದ್ದು ಅಂತ. ಗುಡಿಸದ ರೂಮಿಗೆ, ಮಳೆಯಲ್ಲಿ ನೆಂದು ಕೆಸರಾಗಿ ಬಂದವರಿಗೆ, ಕಾಯಿಲೆಯಿಂದ ಹಾಳಾದ ಮುಖಕ್ಕೂ ಹೇಳುತ್ತಾರೆ. ನನ್ನ ಪಕ್ಕದ ಮಂಚದವಳ ಹಾಸಿಗೆ ನೋಡಿದರೆ ಉದಾಹರಣೆ ಬೇಕಿಲ್ಲ.

ಮುಂದಿನ ಕಾಗದದಲ್ಲಿ ಸೂಕ್ಷ್ಮರಾಯರ ಸಮಾಚಾರ ಇನ್ನಷ್ಟು ಬರಲಿ.

ಚೂಟಿ

ಫೆಬ್ರವರಿ 10

ಚೂಟಿ,

ಸಂಜೆ ಆರು. ಇವತ್ತು ಕಾಲುವೆ ಪಕ್ಕದ ಗುಂಡಿ. ಕೆಲಸ ಅರ್ಧಕ್ಕೆ ನಿಂತಿತು.

ನೀವೆಲ್ಲ ನಕ್ಕಿದ್ದು ಒಳ್ಳೆಯದಾಯಿತು. ಪರೀಕ್ಷೆಗೆ ಮೊದಲು ನಗು ಬೇಕು.

ಹೊಸಬನ ವಿಷಯ. ಇವತ್ತು ಇಳಿದವನು ಒಳಗೇ ವಾಂತಿ ಮಾಡಿಕೊಂಡ. ಮುಖಕ್ಕೆ ಮುಖವಾಡ ಇರುತ್ತದಲ್ಲ, ಅದರೊಳಗೇ ಆಯಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ನೀರು. ಅದು ಮೂಗಿಗೂ ಹೋಯಿತು. ಕೆಳಗೆ ಮುಖವಾಡ ತೆಗೆಯುವ ಹಾಗಿಲ್ಲ, ಗಾಳಿ ವಿಷ. ತೆಗೆಯದಿದ್ದರೆ ಉಸಿರಿಲ್ಲ. ಉದ್ದಣ್ಣ ಹಗ್ಗ ಎಳೆದು ಮೇಲೆ ಹಾಕಿದ. ರಸ್ತೆಯ ಮೇಲೆ ಮಲಗಿಸಿ ಬಾಯಿಗೆ ಬೆರಳು ಹಾಕಿ ತೆಗೆದ. ನೋಡಲು ಜನ ಸೇರಿದ್ದರು. ಒಬ್ಬಾಕೆ ಮೂಗಿಗೆ ಸೆರಗು ಹಿಡಿದುಕೊಂಡು ಮಗುವನ್ನು ಆಚೆ ಎಳೆದುಕೊಂಡಳು. ನೀನು ಬರೆದೆಯಲ್ಲ, ಎಚೊ ಉನ್ ಅಸ್ಕೊ. ಅದು ಸರಿಯಾಗಿ ಹೊಂದುತ್ತದೆ.

ಇದನ್ನು ರೂಮಿನಲ್ಲಿ ಓದುವುದು ಬೇಡ.

ನಾಳೆ ಮೇಸ್ತ್ರಿ ಕರೆದಿದ್ದಾನೆ.

ಅಪ್ಪ

ಫೆಬ್ರವರಿ 15

ಅಪ್ಪ,

ಓದಲಿಲ್ಲ. ಪಾಪ, ಅವರನ್ನು ಯಾಕೆ ಇಳಿಸುತ್ತೀರಿ? ನಿನ್ನಷ್ಟು ಅನುಭವ ಇರುವವನು ಮೇಸ್ತ್ರಿಗೆ ಹೇಳಬಾರದೇ? ಹಗ್ಗ ಹಿಡಿಯುವವರು ಒಂದು ಗಳಿಗೆ ತಡ ಮಾಡಿದ್ದರೆ ಏನಾಗುತ್ತಿತ್ತು? ನೀನು ಹುಷಾರು.

ಮೇಸ್ತ್ರಿ ನಿನ್ನನ್ನು ಯಾಕೆ ಕರೆದಿದ್ದ? ಬಡ್ತಿಯೇನಾದರೂ ಉಂಟೋ?

ಪರೀಕ್ಷೆ ಮಾರ್ಚ್ ಹತ್ತೊಂಬತ್ತಕ್ಕೆ. ಅವಸರದಲ್ಲಿದ್ದೇನೆ. ಒಂದೇ ಒಂದು ಹೊಸ ಬಳಕೆ: 'ಮೊರಿರ್ಸೆ ದೆ ಅಸ್ಕೊ', ಅಸಹ್ಯದಿಂದ ಸಾಯುವುದು. ತಮಾಷೆಯೆಂದರೆ ಅದು ಅಸಹ್ಯದ ಮಾತೇ ಅಲ್ಲ. ಯಾರೂ ಕೇಳುವವರಿಲ್ಲದೆ, ಮಾಡಲು ಏನೂ ಇಲ್ಲದೆ, ಒಂದು ಮೂಲೆಯಲ್ಲಿ ಬಿದ್ದಿರುವುದಕ್ಕೆ ಹಾಗನ್ನುತ್ತಾರೆ. ಹಳೇ ಸೈಕಲ್ಲಿಗೂ ಹೇಳಬಹುದು, ಮನುಷ್ಯನಿಗೂ ಹೇಳಬಹುದು.

ಚೂಟಿ

ಫೆಬ್ರವರಿ 23

ಚೂಟಿ,

ಸಂಜೆ ಐದು. ಇವತ್ತು ಏನೂ ನಡೆಯಲಿಲ್ಲ.

ಹೊಸಬನನ್ನು ಮೇಸ್ತ್ರಿ ಇಳಿಸುತ್ತಿಲ್ಲ. ಕೈಗೆ ಪೊರಕೆ ಕೊಟ್ಟಿದ್ದಾನೆ. ತಿಂಗಳ ಕೊನೆಗೆ ಡಾಕ್ಟರು ನೋಡಿ ಆಗುವುದಿಲ್ಲ ಅಂದರೆ ಮನೆಗೆ ಕಳಿಸುತ್ತಾರೆ.

ನನ್ನ ಬಗ್ಗೆ ಯೋಚನೆ ಬೇಡ. ಎಲ್ಲ ಚೆನ್ನಾಗಿದೆ. ಚೆನ್ನಾಗಿ ಓದು.

ನಾಳೆ ಸೋಮವಾರ.

ಅಪ್ಪ

ಫೆಬ್ರವರಿ 28

ಅಪ್ಪ,

ಇವತ್ತು ಒಬ್ಬ ಹಡಗಿನ ಅಡುಗೆಯವರು ಬಂದಿದ್ದರು. ಹಡಗು ಅವರನ್ನು ಇಲ್ಲಿ ಇಳಿಸಿ ಹೋಗಿದೆ. ದಪ್ಪ ಮೂಳೆಯ ಆಳು, ಅಂಗಿ ಜೋತುಬಿದ್ದಿತ್ತು. ಡಾಕ್ಟರು "ಯಾಕೆ ತಿನ್ನಲ್ಲ?" ಅಂದರು. ನಾನು ಅದನ್ನು ಸ್ಪ್ಯಾನಿಶಿನಲ್ಲಿ ಕೇಳಿದೆ. ಅವರು ನೆಲ ನೋಡಿಕೊಂಡು ಹೇಳುತ್ತಾ ಹೋದರು, ನಾನು ನಿಯಮದ ಪ್ರಕಾರ ಹೇಳುತ್ತಾ ಹೋದೆ.

"ಊಟ ನನಗೆ ಅಸಹ್ಯ ಕೊಡುತ್ತೆ. ಹಾಲು ಅಸಹ್ಯ ಕೊಡುತ್ತೆ. ಸೋಪಿನ ವಾಸನೆ ಆಗಲ್ಲ. ಯಾರಾದರೂ ಬಂದು ನನ್ನ ಹೆಗಲು ಮುಟ್ಟಿದರೆ ಆಗಲ್ಲ. ನನ್ನ ಕೈ ನನ್ನ ಬಾಯಿ ಹತ್ತಿರ ಬಂದರೆ ನನಗೆ ಆಗಲ್ಲ."

ಇಷ್ಟನ್ನೂ 'ನಾನು' 'ನಾನು' ಅಂತ ನನ್ನ ಬಾಯಿಂದ ಹೇಳಿದೆ. ಕೊನೆಯ ಮಾತು ಬರುವಾಗ ಇದನ್ನು ಮೊದಲೇ ಎಲ್ಲೋ ಓದಿದ್ದೇನೆ ಅನ್ನಿಸಿತು. ಡಾಕ್ಟರು ಕೇಳಿದರು, "ಯಾವಾಗಿನಿಂದ?" ಅವರು ಉತ್ತರ ಕೊಡಲಿಲ್ಲ. ಅವರು ಸುಮ್ಮನಿದ್ದರೆ ನಾನೂ ಸುಮ್ಮನಿರಬೇಕು. ಆದರೆ ನನ್ನ ಬಾಯಲ್ಲಿ ಉತ್ತರ ಬಂದು ನಿಂತಿತ್ತು. 'ಅಮ್ಮ ಹೋದಾಗಿನಿಂದ' ಅಂತ.

ಹಾಸ್ಟೆಲಿಗೆ ಬಂದು ನಿನ್ನ ಕಾಗದಗಳನ್ನೆಲ್ಲ ತೆಗೆದೆ. 'ಹೊಸಬ' ಅಂತ ಇರುವ ಕಡೆಯಲ್ಲೆಲ್ಲ 'ನಾನು' ಅಂತ ಹಾಕಿ ಗಟ್ಟಿಯಾಗಿ ಓದಿದೆ. ರೂಮಿನವರು ನಗಲು ಸಿದ್ಧರಾಗಿದ್ದರು. ಯಾರೂ ನಗಲಿಲ್ಲ.

ರಸ್ತೆಯಲ್ಲಿ ಮಲಗಿದ್ದವನು ನೀನು. ಆ ಹೆಂಗಸು ಮೂಗು ಮುಚ್ಚಿಕೊಂಡದ್ದು ನಿನಗೆ. ನಾನು ಬಡ್ತಿಯಾ ಅಂತ ಕೇಳಿದೆ. ನನ್ನ ಮೇಲೆ ನನಗೆ ಬರುತ್ತಿರುವುದಕ್ಕೆ ಯಾವ ಭಾಷೆಯಲ್ಲೂ ಪದ ಹುಡುಕಬೇಕಿಲ್ಲ.

ಈಗ ನೇರವಾಗಿ ಬರೆ. ಏನಾಗಿದೆ? 'ನಾನು' ಅಂತಲೇ ಬರೆ.

ಚೂಟಿ

ಮಾರ್ಚ್ 4

ಚೂಟಿ,

ಸಂಜೆ ಆರು. ಇವತ್ತು ಕಚೇರಿ ಮುಂದಿನ ರಸ್ತೆ ಗುಡಿಸಿದೆ. ನಾನು.

ಅಮ್ಮ ಹೋದ ಮೇಲೆ ಜನ ಇದ್ದಷ್ಟು ದಿನ ಹೇಗೋ ಆಯಿತು. ಎಲ್ಲ ಹೊರಟ ಮೇಲೆ ಮೊದಲ ದಿನ ಕೆಲಸದಿಂದ ಬಂದು ಹಿಂಬಾಗಿಲಲ್ಲಿ ನಿಂತೆ. ಯಾರೂ ಛೀ ಅನ್ನಲಿಲ್ಲ. ಬಟ್ಟೆ ನಾನೇ ಬಕೆಟ್ಟಿಗೆ ಹಾಕಿದೆ. ಸ್ನಾನ ಮಾಡಿದೆ. ಬಾಗಿಲ ಹತ್ತಿರ ಬಂದು ಮತ್ತೆ ನಿಂತೆ. ನನ್ನ ಮೂಗು ಸತ್ತಿದೆ, ನನಗೆ ಏನೂ ತಿಳಿಯುವುದಿಲ್ಲ. ವಾಸನೆ ಹೋಯಿತೋ ಇಲ್ಲವೋ ಹೇಳುವವರಿಲ್ಲ. ಮತ್ತೆ ಹೋಗಿ ತೊಳೆದೆ. ಆಮೇಲೆ ಮತ್ತೆ. ಈಗ ಮೊಣಕೈ ಹತ್ತಿರ ಚರ್ಮ ಒಡೆದು ನೀರು ಸೋರುತ್ತದೆ, ಸೋಪು ತಗುಲಿದರೆ ಉರಿಯುತ್ತದೆ. ಆದರೂ ಒಳಗೆ ಹೋಗಲು ಕಾಲು ಬರುವುದಿಲ್ಲ. ಅವಳ ಅಡುಗೆಮನೆಗೆ ಕೊಳೆ ಹೊತ್ತುಕೊಂಡು ಹೋದ ಹಾಗಾಗುತ್ತದೆ. ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದೆ. ಆಮೇಲೆ ತಿಂದದ್ದರಲ್ಲೆಲ್ಲ ಅದೇ ಇದೆ ಅನ್ನಿಸತೊಡಗಿತು. ಆಮೇಲೆ ಸತ್ತ ಮೂಗು ಎದ್ದು ಕೂತಿತು. ಇಷ್ಟು ವರ್ಷ ಅವಳು ನನಗಾಗಿ ಪಟ್ಟ ಅಸಹ್ಯವೆಲ್ಲ ಈಗ ನನ್ನ ಪಾಲಿಗೆ ಬಂದಿದೆ.

ಅಡುಗೆಮನೆ ಒಳಗೆ ಹೋಗಿಲ್ಲ. ಪಕ್ಕದಾಕೆ ಕೊಟ್ಟ ಡಬ್ಬಿ ಜಗಲಿಯಲ್ಲೇ ಇದೆ, ಅದರ ಮುಚ್ಚಳ ಉಬ್ಬಿದೆ. ಸಿಂಕಿನಲ್ಲಿ ಏನಿದೆಯೋ ಗೊತ್ತಿಲ್ಲ. ಕಿಟಕಿಯಲ್ಲಿ ನೊಣ ಕಾಣುತ್ತವೆ.

ಉದ್ದಣ್ಣನಿಗೆ ಹೇಳಿದೆ. "ಅಷ್ಟೇ ತಾನೇ, ಬಾರಯ್ಯ, ನಾನೇ ಮೂಸ್ತೀನಿ" ಅಂತ ಕಿವಿ ಹತ್ತಿರ ಬಂದ. "ಲೋ, ನಿನ್ನ ಮೂಗು ನನ್ನದಕ್ಕಿಂತ ಮೊದಲು ಸತ್ತಿದೆ" ಅಂದೆ. "ಹೌದು ಕಣಯ್ಯ, ನನ್ನ ಹೆಂಡ್ತಿನೂ ಅದೇ ಅಂತಾಳೆ" ಅಂದ. ಬಹಳ ದಿನದ ಮೇಲೆ ನಕ್ಕೆ. ನಕ್ಕಿದ್ದಕ್ಕೂ ವಾಕರಿಕೆ ಬಂತು.

ಡಾಕ್ಟರ ತಪಾಸಣೆಯನ್ನು ಮೇಸ್ತ್ರಿ ಈ ತಿಂಗಳ ಕೊನೆಗೆ ಮುಂದೂಡಿಸಿದ್ದಾನೆ. ಗಟ್ಟಿಯಾಗದಿದ್ದರೆ ಕೆಲಸ ಹೋಗುತ್ತದೆ. ಇಳಿಯುವುದು ಬಿಟ್ಟು ನನಗೆ ಬೇರೆ ಕೆಲಸ ಬರುವುದಿಲ್ಲ.

ನೀನು ಬರಬೇಡ. ನಿನ್ನ ಪರೀಕ್ಷೆ ಹತ್ತಿರ ಇದೆ. ಬಂದರೆ ನನಗೆ ಸಿಟ್ಟು ಬರುತ್ತದೆ. ನಾಳೆಯೂ ಅದೇ ರಸ್ತೆ.

ಅಪ್ಪ

ಮಾರ್ಚ್ 9

ಅಪ್ಪ,

ಸಿಟ್ಟು ಮಾಡಿಕೋ. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಸಂಜೆಯ ಬಸ್ಸಿಗೆ ವಾಪಸ್ಸು. ಏನನ್ನೂ ತೊಳೆಯಬೇಡ, ಎಸೆಯಬೇಡ. ಹಿಂಬಾಗಿಲಲ್ಲಿ ನಿಂತಿರು. ಕೋಲು ಎಲ್ಲಿದೆ?

ಚೂಟಿ

ಮಾರ್ಚ್ 25

ಚೂಟಿ,

ಸಂಜೆ ಏಳು. ಇವತ್ತು ಬೆಳಗ್ಗೆ ತಪಾಸಣೆ, ಮಧ್ಯಾಹ್ನ ರಸ್ತೆ ಗುಡಿಸುವುದು. ಡಾಕ್ಟರು ತೂಕ ನೋಡಿ ತಲೆಯಾಡಿಸಿದರು, ಆಮೇಲೆ ಮೊಣಕೈ ನೋಡಿ "ಏನಯ್ಯಾ ಇದು, ಪಾತ್ರೆ ಉಜ್ಜೋ ಹಾಗೆ ಉಜ್ಜಿದ್ದೀಯಲ್ಲ" ಅಂದರು. ಮುಲಾಮು ಕೊಟ್ಟರು. ಒಂದು ಸಲ ಇಳಿಸಿ ನೋಡಿ ಅಂತ ಮೇಸ್ತ್ರಿಗೆ ಬರೆದುಕೊಟ್ಟಿದ್ದಾರೆ.

ನಿನ್ನ ಪರೀಕ್ಷೆ ಪಾಸಾದ ಸುದ್ದಿ ತಿಳಿಯಿತು. ಉದ್ದಣ್ಣನಿಗೆ ಹೇಳಿದೆ. ಅವನು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ. ಯಾವ ಪದಕ್ಕೆ ಅಂತ ಮಾತ್ರ ಹೇಳಬೇಡ ಅಂದಿದ್ದೆ, ಅದನ್ನೇ ಮೊದಲು ಹೇಳಿದ.

ಆ ಭಾನುವಾರದ್ದನ್ನು ಡೈರಿಯಲ್ಲಿ ಇಷ್ಟು ದಿನ ಬರೆಯಲಾಗಿರಲಿಲ್ಲ. ನೀನು ಮುಂಬಾಗಿಲಿಗೆ ಬರದೆ ಸುತ್ತುಹಾಕಿ ಹಿಂದೆ ಬಂದೆ. ನನ್ನನ್ನು ನೋಡಿದೆ. ಅಳುತ್ತೀಯೇನೋ ಅಂದುಕೊಂಡೆ. ನೀನು ಮೊಳೆಗೆ ತಗುಲಿಸಿದ್ದ ಕೋಲು ತೆಗೆದುಕೊಂಡು "ಛೀ, ಅಲ್ಲೇ ನಿಂತ್ಕೋ" ಅಂದೆ. ದನಿ ನಿನ್ನದೇ, ಆದರೆ ನಿಂತ ರೀತಿ ಅವಳದು, ಸೊಂಟದ ಮೇಲೆ ಕೈ. ಕಿವಿಯ ಹಿಂದೆ ಮೂಸಿದೆ. "ಇನ್ನೂ ಇದೆ, ಹೋಗು." ಹೋದೆ. ಬಂದೆ. "ಇನ್ನೂ ಇದೆ." ಮತ್ತೆ ಹೋದೆ. ನೀರು ಹೊಯ್ದುಕೊಳ್ಳುವಾಗ ನಾನು ಅಳುತ್ತಿದ್ದದ್ದು ನಿನಗೆ ಕೇಳಿಸಿರಬಹುದು. ಮೂರನೇ ಸಲ "ಹೂಂ, ಈಗ ಮನುಷ್ಯ" ಅಂದೆ.

ಆಮೇಲೆ ಅಡುಗೆಮನೆ ಬಾಗಿಲು ತೆರೆದವಳು ನೀನೇ ಓಡಿಬಂದು ಅಂಗಳದಲ್ಲಿ ವಾಂತಿ ಮಾಡಿದೆ. ಹೊಟ್ಟೆ ಗಟ್ಟಿಯಿದೆ ಅಂದಿದ್ದೆ. ನಾನು ನಿನ್ನ ತಲೆ ಹಿಡಿದುಕೊಂಡೆ. ಸಿಂಕಿನಲ್ಲಿ ಬೂದು ಬಣ್ಣದ ತುಪ್ಪಳದ ಹಾಗೆ ಬೆಳೆದದ್ದು, ಅದರೊಳಗೆ ಹರಿದಾಡುತ್ತಿದ್ದದ್ದು, ಹಾಲಿನ ಪಾತ್ರೆಯ ತಳದಲ್ಲಿ ಕಪ್ಪಗೆ ಇದ್ದದ್ದು. ಚರಂಡಿಯಲ್ಲೂ ನಾನು ಅಂಥದ್ದು ನೋಡಿಲ್ಲ. ಇಬ್ಬರೂ ಬಟ್ಟೆ ಕಟ್ಟಿಕೊಂಡು ಬಳಿದೆವು. ನೀನು ನಿಮಿಷಕ್ಕೊಮ್ಮೆ 'ಕೇ ಅಸ್ಕೊ' ಅನ್ನುತ್ತಿದ್ದೆ. ಆ ದಿನ ನಾನು ಮೇಜಿನ ಮುಂದೆ ಕೂತು ಎರಡು ತುಂಡು ಬ್ರೆಡ್ಡು ತಿಂದೆ.

ಬಸ್ ನಿಲ್ದಾಣದಲ್ಲಿ "ನಿಜವಾಗಲೂ ವಾಸನೆ ಇತ್ತಾ?" ಅಂತ ಕೇಳಿದೆ. "ಬಸ್ಸು ಬಂತು" ಅಂದೆ ನೀನು. ಬಸ್ಸು ಬಂದಿರಲಿಲ್ಲ. ಹೇಳಬೇಡ. ಮುಂದೆ ಯಾವತ್ತಾದರೂ ಕೇಳಿದರೂ ಹೇಳಬೇಡ.

ಈಗ ದಿನಾ ಸಂಜೆ ಹಿಂಬಾಗಿಲಲ್ಲಿ ನಿಂತು ನಾನೇ ಗಟ್ಟಿಯಾಗಿ "ಛೀ, ಹೋಗು" ಅನ್ನುತ್ತೇನೆ. ಪಕ್ಕದಾಕೆ ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾಳೆ. ಎರಡನೇ ಸಲ ಸ್ನಾನ ಮಾಡಿ ಒಳಗೆ ಹೋಗುತ್ತೇನೆ. ಅಸಹ್ಯ ಹೋಗಿಲ್ಲ. ಮೊಟ್ಟೆ ಇವತ್ತೂ ಗಂಟಲಲ್ಲಿ ನಿಂತಿತು, ಕಣ್ಣು ಮುಚ್ಚಿ ನುಂಗಿದೆ. ಬ್ರೆಡ್ಡನ್ನು ಒತ್ತಿ ನೋಡುವುದು ಬಿಟ್ಟಿದ್ದೇನೆ. ನೀನು ಬರೆದಿದ್ದೆಯಲ್ಲ, ಅಸಹ್ಯ ಇಟ್ಟುಕೊಳ್ಳುವುದು ಅಂತ. ಹಾಗೆ ಇಟ್ಟುಕೊಂಡಿದ್ದೇನೆ, ಕೋಲಿನ ಪಕ್ಕದಲ್ಲಿ.

ನಾಳೆ ಮಾರುಕಟ್ಟೆ ಹಿಂದಿನ ಗುಂಡಿಗೆ ಇಳಿಯುವುದು. ಹಗ್ಗ ಉದ್ದಣ್ಣನ ಕೈಯಲ್ಲಿರುತ್ತದೆ. ಲಾರಿ ಆರಕ್ಕೆ ಬರುತ್ತದೆ.

ಅಪ್ಪ